ವಸುಮತಿಗೆ ಹಾಕಿಸದ ದಾಕು

ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವ ಇನ್ಸ್‌ಪೆಕ್ಟರು ಮೀಂಜದ ಶಾಲೆಗೆ ಬಂದದ್ದು ಸಾವಿರದ ಒಂಬೈನೂರ ನಲವತ್ತಮೂರರ ಮಾಘದಲ್ಲಿ. ಹೆದರಿ ಓಡಿದ ಮಕ್ಕಳನ್ನು ಲೋಕನಾಥ ಮಾಸ್ಟ್ರು ಗುಡ್ಡೆ ಹತ್ತಿ ಹಿಡಿದು ತಂದರು. ಬೈದರು, ಬೆಲ್ಲ ಕೊಟ್ಟರು, ಒಬ್ಬನನ್ನು ಹೆಗಲ ಮೇಲೆ ಹೊತ್ತು ತಂದರು. ಶಾಲೆಯ ನಲವತ್ತಮೂರು ಮಕ್ಕಳಲ್ಲಿ ಒಂದೂ ತಪ್ಪಲಿಲ್ಲ.

ಅವರ ಒಬ್ಬಳೇ ಮಗಳು ವಸುಮತಿಗೆ ಆಗ ಐದು ವರ್ಷ. ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳನ್ನೂ ಕರೆದುಕೊಂಡು ಹೋಗಲು ಮಾಸ್ಟ್ರು ಆ ದಿನ ಬೆಳಿಗ್ಗೆ ಅಂಗಳದಲ್ಲಿ ನಿಂತಾಗ ಹೆಂಡತಿ ದಮಯಂತಿ ಮಗುವಿನ ಮೂಗು ಒರೆಸುತ್ತಿದ್ದಳು.

"ಶೀತ ಉಂಟು, ಮೈಯೂ ಸ್ವಲ್ಪ ಬಿಸಿ. ಇದರ ಮೇಲೆ ಅದು ಬೇರೆಯಾ? ಬರುವ ಸಲ ಹಾಕಿಸುವ," ಎಂದಳು.

ಮಾಸ್ಟ್ರು ಒಂದು ಗಳಿಗೆ ನಿಂತರು. ಆಮೇಲೆ ಕೊಡೆ ತೆಗೆದುಕೊಂಡು ಹೋದರು.

ವೈಶಾಖದಲ್ಲಿ ಊರಿಗೆ ಸಿಡುಬು ಬಂತು. ಶಾಲೆಯ ಒಂದು ಮಗುವಿಗೂ ಬರಲಿಲ್ಲ. ವಸುಮತಿಗೆ ಬಂತು. ಚಿಕ್ಕಂದಿನಲ್ಲಿ ತನಗೂ ಬಂದು ಹೋದದ್ದರಿಂದ ದಮಯಂತಿಯೇ ಮಗುವಿನ ಪಕ್ಕ ಕೂತಳು, ಕಹಿಬೇವಿನ ಸೊಪ್ಪಿನಿಂದ ಗಾಳಿ ಹಾಕಿದಳು, ಒಡೆದ ತುಟಿಗೆ ಎಳನೀರು ಹನಿಸಿದಳು. ಮುಟ್ಟಿದರೆ ಮಗು ಚೀರುತ್ತಿತ್ತು. ಮುಟ್ಟದಿದ್ದರೆ ಅಮ್ಮಾ ಎಂದು ಕೈ ಚಾಚುತ್ತಿತ್ತು. ಎರಡರಲ್ಲಿ ಯಾವುದನ್ನು ಮಾಡಬೇಕೆಂದು ತಾಯಿಗೆ ಹನ್ನೊಂದು ದಿನವೂ ತಿಳಿಯಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಮಗು ಕೈ ಚಾಚುವುದನ್ನು ಬಿಟ್ಟಿತು. ರೋಗದಲ್ಲಿ ಬದುಕಿ ಉಳಿದಿದ್ದ ಇಬ್ಬರು ಬಂದು ಗುಡ್ಡೆಯ ಬದಿಯಲ್ಲಿ ಹುಗಿದರು. ಚಾಪೆ, ಬಟ್ಟೆ, ಮರದ ಬೊಂಬೆ ಎಲ್ಲ ಸುಟ್ಟರು.

ಅಂದಿನಿಂದ ದಮಯಂತಿ ಗಂಡನ ಒಂದು ಮಾತಿಗಾಗಿ ಕಾದಳು. ನಿನ್ನಿಂದಾಗಿ ಹೋಯಿತು ಎಂದು ಅವರು ಹೇಳಬೇಕು. ತಾನು ಅಂಗಳದಲ್ಲಿ ಬಿದ್ದು ಹೊರಳಾಡಿ ಅಳಬೇಕು. ಅವರು ಹೇಳಲಿಲ್ಲ. ಬಡಿಸಿದ್ದನ್ನು ಉಂಡರು, ಶಾಲೆಗೆ ಹೋದರು, ಬಂದು ಕೈಕಾಲು ತೊಳೆದರು. ಜ್ವರ ಬಂದು ಅವಳು ಮಲಗಿದಾಗ ಗಂಜಿ ಬೇಯಿಸಿ ಕೊಟ್ಟರು. ಆ ಗಂಜಿಯನ್ನು ಅವಳು ಹಾಗೇ ತಣಿಯಲು ಬಿಟ್ಟಳು.

ಮರುವರ್ಷ, ಹಿಂದಿನ ಸಲ ಹಾಕಿಸದ ಚಿಕ್ಕ ಮಕ್ಕಳಿಗಾಗಿ, ದಾಕಿನ ಇನ್ಸ್‌ಪೆಕ್ಟರು ಮತ್ತೆ ಬರುತ್ತಾರೆಂದು ಡಂಗುರವಾಯಿತು. ಎರಡು ದಿನ ಕಳೆದ ಮೇಲೆ ನೆರೆಮನೆಯ ಅಮ್ಮು ಬಾವಿಕಟ್ಟೆಯಲ್ಲಿ ಕೊಡವನ್ನು ಇಟ್ಟವಳು ಎತ್ತಲೇ ಇಲ್ಲ.

"ದಮಯಂತಿಯಕ್ಕ, ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ದಾಕು ಹಾಕಿಸಿದ್ದಕ್ಕೇ ಅಲ್ಲವಾ ನಿಮ್ಮ ಮಗುವಿಗೆ ಹಾಗಾದದ್ದು?"

"ಯಾರು ಹೇಳಿದ್ದು?"

"ಎಲ್ಲರೂ ಹೇಳುತ್ತಾರೆ. ಮಾಸ್ಟ್ರ ಮಗಳನ್ನೇ ಉಳಿಸಲಿಲ್ಲ, ನಮ್ಮ ಮಕ್ಕಳನ್ನು ಉಳಿಸುತ್ತದಾ ಅಂತ. ನಾಳೆ ಯಾರೂ ಕಳಿಸುವುದಿಲ್ಲವಂತೆ. ಮಾಸ್ಟ್ರು ಮನೆಮನೆಗೆ ಹೋಗಿ ಹಾಗಲ್ಲ, ಹಾಗಲ್ಲ ಅಂತಾರೆ. ಮತ್ತೆ ಹೇಗೆ ಅಂತ ಕೇಳಿದರೆ ತಲೆ ತಗ್ಗಿಸಿ ಎದ್ದು ಬರುತ್ತಾರೆ, ಪಾಪ."

ದಮಯಂತಿಗೆ ಆಗ ಅರ್ಥವಾಯಿತು. ನಿಜ ಹೇಳಿದರೆ ಊರವರು ಹೆಂಡತಿಯ ಕಡೆ ಬೆರಳು ತೋರಿಸುತ್ತಾರೆಂದು ಆ ಮನುಷ್ಯ ಬಾಯಿ ಕಟ್ಟಿಕೊಂಡಿದ್ದಾನೆ. ತನ್ನನ್ನು ಕಾಯಲು ಊರಿನ ಮಕ್ಕಳನ್ನೆಲ್ಲ ಬಿಟ್ಟುಕೊಡುತ್ತಿದ್ದಾನೆ.

ಮರುದಿನ ಬೆಳಿಗ್ಗೆ ಅವಳು ಶಾಲೆಗೆ ಹೋದಳು. ಜಗಲಿಯಲ್ಲಿ ಇನ್ಸ್‌ಪೆಕ್ಟರು ಸೂಜಿಗಳ ಪೆಟ್ಟಿಗೆ ತೆರೆದು ಸುಮ್ಮನೆ ಕೂತಿದ್ದರು. ಏನಾಗುತ್ತದೆಂದು ನೋಡಲು ಬಂದ ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಮಣ್ಣಿನ ದರೆಯ ಆಚೆ ನಿಂತಿದ್ದರು. ದಮಯಂತಿಯನ್ನು ಕಂಡು ಮಾಸ್ಟ್ರು ಎದ್ದು ನಿಂತರು.

"ನೀನು ಯಾಕೆ ಬಂದದ್ದು? ಮನೆಗೆ ಹೋಗು."

ಅವಳು ಅವರ ಕಡೆ ನೋಡಲಿಲ್ಲ. ಹೆಂಗಸರ ಕಡೆ ತಿರುಗಿದಳು.

"ನನ್ನ ಮಗುವಿಗೆ ದಾಕು ಹಾಕಿಸಿರಲಿಲ್ಲ. ಇವರು ಕರೆದುಕೊಂಡು ಹೋಗಲು ಹೊರಟಿದ್ದರು. ನಾನೇ ಬೇಡ ಎಂದದ್ದು. ಶೀತ ಉಂಟು ಎಂದೆ. ಹೋದ ವರ್ಷ ಹಾಕಿಸಿದ ನಿಮ್ಮ ಮಕ್ಕಳೆಲ್ಲ ಉಂಟು. ಹಾಕಿಸದ ನನ್ನದು ಇಲ್ಲ."

ಒಬ್ಬಳು ಮುದುಕಿ, "ಅದು ಮಾರಿಯಮ್ಮ ಕೊಂಡುಹೋದದ್ದು ಮಗಾ, ನಿನಗೆ ಎಂತ ಮಾಡಲಿಕ್ಕಾಗುತ್ತದೆ?" ಎಂದು ಮೊಮ್ಮಗನ ಕೈಹಿಡಿದು ಬಂದ ದಾರಿಯಲ್ಲೇ ನಡೆದಳು. ಅವಳ ಹಿಂದೆ ಇನ್ನೂ ಕೆಲವರು ಹೋದರು. ದಮಯಂತಿ, "ಹೋಗಬೇಡಿ, ನಿಲ್ಲಿ," ಎಂದು ನಾಲ್ಕು ಹೆಜ್ಜೆ ಓಡಿದಳು. ಯಾರೂ ತಿರುಗಲಿಲ್ಲ.

ಅಮ್ಮು ಮಾತ್ರ ತನ್ನ ಕಿರಿಯವಳನ್ನು ಎತ್ತಿಕೊಂಡು ಜಗಲಿ ಹತ್ತಿದಳು. ಮಗು ಕಿರುಚಿತು. "ನನಗೆ ನೋಡಲಿಕ್ಕಾಗುವುದಿಲ್ಲ ಅಕ್ಕ, ನೀವು ಹಿಡಿದುಕೊಳ್ಳಿ," ಎಂದು ಅಮ್ಮು ಮುಖ ತಿರುಗಿಸಿದಳು. ದಮಯಂತಿ ಆ ಪುಟ್ಟ ತೋಳನ್ನು ಹಿಡಿದುಕೊಂಡಳು. ಬೆಚ್ಚಗಿತ್ತು. ಒಂದು ವರ್ಷದಿಂದ ಅವಳು ಯಾವ ಮಗುವನ್ನೂ ಮುಟ್ಟಿರಲಿಲ್ಲ.

ಸಂಜೆಯೊಳಗೆ ಒಬ್ಬೊಬ್ಬರಾಗಿ ಬಂದ ಹದಿನಾಲ್ಕು ಮಕ್ಕಳಿಗೆ ಆಯಿತು. ಉಳಿದವರು ಬರಲಿಲ್ಲ.

ಬಿಸಿಲು ಇಳಿಯುವಾಗ ಗಂಡಹೆಂಡತಿ ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದು ಮನೆಗೆ ಹೊರಟರು. ಅರ್ಧ ದಾರಿಯಲ್ಲಿ ದಮಯಂತಿ ನಿಂತಳು.

"ಒಂದು ಸಲ ಬೈಯಿರಿ. ನಿಮ್ಮ ದಮ್ಮಯ್ಯ."

ಲೋಕನಾಥ ಮಾಸ್ಟ್ರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು.

"ಯಾವ ಬಾಯಲ್ಲಿ ಬೈಯಲಿ? ನನಗೂ ಆ ದಿನ ಹಾಗೇ ಅನ್ನಿಸಿತ್ತು. ಊರಿನ ಮಕ್ಕಳನ್ನು ಎಳೆದು ತಂದೆ. ನಮ್ಮದನ್ನು ಹಿಡಿದುಕೊಳ್ಳಲಿಕ್ಕೆ ಧೈರ್ಯ ಬರಲಿಲ್ಲ. ನೀನು ಬೇಡ ಎಂದಾಗ ನನಗೆ ಒಳಗೊಳಗೆ ಸಮಾಧಾನವಾಗಿತ್ತು, ದಮಯಂತಿ. ಅದನ್ನು ಹೇಳಲಿಕ್ಕಾಗದೆ ಸುಮ್ಮನಿದ್ದದ್ದು."

ದಮಯಂತಿ ಹುಣಿಯ ಮೇಲೆಯೇ ಕುಳಿತಳು. ಅವರೂ ಪಕ್ಕದಲ್ಲಿ ಕುಳಿತರು.

"ಹಾಕಿಸಿದ್ದರೆ ವಸು ಎಷ್ಟು ಕೂಗುತ್ತಿದ್ದಳೋ ಏನೋ," ಎಂದರು.

"ಇಡೀ ಮೀಂಜಕ್ಕೆ ಕೇಳುವ ಹಾಗೆ," ಎಂದಳು ದಮಯಂತಿ. ನಗು ಬಂದ ಹಾಗಾಯಿತು; ಬಂದದ್ದು ನಗುವಾಗಿರಲಿಲ್ಲ. ಮಾಸ್ಟ್ರು ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಬಿಕ್ಕಿದರು. ಅವರ ಬೆನ್ನಿಗೆ ಕೈ ಇಡಲು ಹೋದಳು, ಅದರಿಂದ ಏನಾಗುತ್ತದೆ ಎಂದು ತೋಚದೆ ತಡೆದಳು, ಆಮೇಲೆ ಇಟ್ಟಳು.

ಗದ್ದೆಯ ಆಚೆ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬರು ಕೂಗಿ ಕೇಳಿದರು: "ಎಂತ ಮಾಸ್ಟ್ರೇ, ಅಲ್ಲಿ ಕೂತದ್ದು?"

ದಮಯಂತಿ ಅವರ ಬೆನ್ನಿನ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.