ಏಳು ಲೈಸೆನ್ಸುಗಳ ಒಪ್ಪಿಗೆ

ಗುರುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಶಿಲ್ಪಶ್ರೀ ಆ್ಯಪ್ ಕಟ್ಟುವ ಸಾಫ್ಟ್‌ವೇರಿನ ಏಳು ಲೈಸೆನ್ಸುಗಳಿಗೂ ಒಪ್ಪಿಗೆ ಕೊಟ್ಟು ಮುಗಿಸಿದ್ದಳು. ಒಂದೊಂದರ ಕೊನೆಗೂ ಕಂಪ್ಯೂಟರ್ ‘ಒಪ್ಪುತ್ತೀರಾ?’ ಎಂದು ಕೇಳಿ ಹೌದಿಗೆ ವೈ, ಇಲ್ಲಕ್ಕೆ ಎನ್ ಎಂದು ತೋರಿಸಿತು, ಅವಳು ವೈ ಒತ್ತಿದಳು. ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದೆ ಎಂದು ಅದೇ ಹೇಳಿತು. ಆಮೇಲೆ ಆ್ಯಪ್ ಬಿಲ್ಡ್ ಮಾಡಲು, ಅಂದರೆ ಬರೆದದ್ದನ್ನು ಫೋನಿಗೆ ಹಾಕುವಂತೆ ಕಟ್ಟಲು, ಹೋದರೆ ಕೆಂಪಕ್ಷರ ಬಂತು: ಲೈಸೆನ್ಸುಗಳಿಗೆ ಒಪ್ಪಿಗೆ ಇಲ್ಲ, ಕೆಲಸ ಮುಂದೆ ಹೋಗುವುದಿಲ್ಲ.

ಆ್ಯಪ್ ಅವಳ ಊರಿನದೇ. ಎಮ್ಮಿಗನೂರಿನ ಗದ್ದೆಗಳಿಗೆ ಕಾಲುವೆ ನೀರು ಯಾವ ದಿನ ಯಾರ ಪಾಳಿಗೆ ಬರುತ್ತದೆ ಎಂದು ತಿಳಿಸುವಂಥದ್ದು. ಭಾನುವಾರ ಅದನ್ನು ರೈತರ ಫೋನಿಗೆ ಹಾಕಿ ತೋರಿಸಬೇಕಿತ್ತು. ಕಂಪನಿ ವಿದ್ಯಾಧೀಶನದು. ಕಂಪನಿ ಎಂದರೆ ಹೊಸಪೇಟೆಯಲ್ಲಿ ಅವನ ತಂದೆ ಕಮಲಾಕರ ರಾಯರ ಮನೆಯ ಮಹಡಿ ಕೋಣೆ, ಒಂದು ಬೋರ್ಡು, ಒಂದು ಕಂಪ್ಯೂಟರು, ಮತ್ತು ಎರಡು ವರ್ಷದಿಂದ ಶಿಲ್ಪಶ್ರೀ.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ದೋಷ ಸಿಕ್ಕಿತು. ಆ್ಯಪ್ ಕಟ್ಟುವ ಸಾಮಾನು ಆ ಕಂಪ್ಯೂಟರಿನಲ್ಲಿ ಎರಡು ಕಡೆ ಇತ್ತು. ಅವಳು ಒಪ್ಪಿಗೆ ಕೊಟ್ಟದ್ದು ತನ್ನ ಫೋಲ್ಡರಿನಲ್ಲಿ. ಬಿಲ್ಡ್ ಹೋಗಿ ನೋಡುತ್ತಿದ್ದುದು ಕಂಪ್ಯೂಟರ್ ಬಂದ ಹೊಸದರಲ್ಲಿ ವಿದ್ಯಾಧೀಶ ಹಾಕಿದ್ದ ಇನ್ನೊಂದರಲ್ಲಿ. ದಾರಿಯನ್ನು ತನ್ನ ಕಡೆ ತಿರುಗಿಸಿಕೊಳ್ಳಬಹುದಿತ್ತು. ಆದರೆ ಬೇಕಾದ ಭಾಗಗಳೆಲ್ಲ ಅವನು ಹಾಕಿದ್ದ ಕಡೆಯೇ ಇದ್ದವು, ಅವನ್ನು ಮತ್ತೆ ಇಳಿಸಿಕೊಳ್ಳಲು ಆ ಮನೆಯ ಇಂಟರ್ನೆಟ್ ಮೂರು ದಿನ ಕೇಳುತ್ತಿತ್ತು. ಅಲ್ಲಿಯೇ ಒಪ್ಪಿಗೆ ಕೊಡೋಣವೆಂದರೆ ಅದಕ್ಕೆ ಕಂಪ್ಯೂಟರಿನ ಯಜಮಾನರ ಪಾಸ್‌ವರ್ಡ್ ಬೇಕು.

ವಿದ್ಯಾಧೀಶ ಸಂಡೂರಿನ ಒಂದು ಶಾಲೆಗೆ ಹೋಗಿದ್ದ. ಫೋನಿನಲ್ಲಿ, “ಕಂಪ್ಯೂಟರ್ ಕೊಡಿಸಿದವರು ಅಪ್ಪಾರು, ಪಾಸ್‌ವರ್ಡ್ ಅವ್ರ ಹತ್ರನೇ ಅದ. ಕೇಳು, ಹಾಕಿ ಕೊಡ್ತಾರ. ಆದ್ರ ಯಾಕಂತ ಹೇಳಬ್ಯಾಡ,” ಎಂದ.

ಅವಳು ಕೆಳಗಿಳಿದು ಹೋಗಿ ಯಾಕೆಂದು ಹೇಳಿದಳು. ರಾಯರು ಮೂವತ್ತೆರಡು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರಗಳನ್ನು ನೋಡಿ ನಿವೃತ್ತರಾದವರು. ಅವರಿಗೆ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

“ಒಪ್ಪಿಗೆ ಅಂತೀ. ಯಾವುದಕ್ಕ?”

“ಅದನ್ನ ಯಾರೂ ಓದಂಗಿಲ್ರಿ ಸರ್.”

ರಾಯರು ಕನ್ನಡಕ ತೆಗೆದು ಅವಳನ್ನು ನೋಡಿದರು. ಮತ್ತೆ ಹಾಕಿಕೊಂಡು ನೋಡಿದರು. “ಪ್ರಿಂಟ್ ತಗೊಂಡು ಬಾ.”

ಅವಳು ಝೆರಾಕ್ಸ್ ಅಂಗಡಿಗೆ ಹೋಗಿ ಬಂದಳು. ರಾಯರು ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೆಂಪು ಪೆನ್ನು ಹಿಡಿದು ಓದಲು ಕುಳಿತರು. ಅವರ ಹೆಂಡತಿ ಇಂದಿರಾಬಾಯಿ ಕಾಫಿ ತಂದಿಟ್ಟು, “ನೀ ಮನೀಗೆ ಹೋಗವ್ವಾ. ಮದುವಿ ದಿನ ಲಗ್ನಪತ್ರಿಕಾದಾಗ ತಪ್ಪು ಹುಡುಕ್ಕೋತ ಕೂತಿದ್ದ ಮನುಷ್ಯಾ ಇವ್ರು,” ಎಂದರು.

“ಎರಡು ತಪ್ಪು ಇದ್ವು,” ಎಂದರು ರಾಯರು, ತಲೆ ಎತ್ತದೆ.

ಸಂಜೆ ಐದಕ್ಕೆ ಅವರು ಅವಳನ್ನು ಕರೆದರು. ಮೊದಲನೆಯ ಆಕ್ಷೇಪ ಕೊನೆಯ ಸಾಲಿನದು. “ಇಲ್ಲಿ ವೈ ಸಣ್ಣಕ್ಷರದಾಗ ಅದ, ಎನ್ ದೊಡ್ಡಕ್ಷರದಾಗ. ಅಂದ್ರ ಅವ್ರೇ ಬ್ಯಾಡ ಅಂತ ಹೇಳ್ಲಿಕ್ಹತ್ಯಾರ.”

“ಅದು ಹಂಗಲ್ರಿ ಸರ್, ಏನೂ ಒತ್ತಲಿಲ್ಲಂದ್ರ ಇಲ್ಲ ಅಂತ ತಗೋತೈತಿ.”

“ಅದು ಸರಿ ಅದ,” ಎಂದು ಅವರು ಒಂದು ಟಿಕ್ ಹಾಕಿದರು. “ಈಗ ಇದನ್ನ ನೋಡು. ಸಂಸ್ಥಾದ ಪರವಾಗಿ ಒಪ್ಪೋರಿಗೆ ಹಂಗ ಒಪ್ಪಲಿಕ್ಕೆ ಪೂರ್ಣ ಅಧಿಕಾರ ಇರಬೇಕು. ನಿನಗ ಆ ಅಧಿಕಾರ ಅದ ಏನು?”

“ನಾ ಕೆಲಸ ಮಾಡ್ತೀನ್ರಿ ಸರ್.”

“ಕಾಗದ?”

ಕಾಗದ ಇರಲಿಲ್ಲ. ಎರಡು ವರ್ಷದಲ್ಲಿ ಅವಳು ಅದನ್ನು ಕೇಳಿರಲೂ ಇಲ್ಲ. ಕೇಳಬೇಕೆಂದು ಎಷ್ಟೋ ಸಲ ಮೆಟ್ಟಿಲ ತನಕ ಹೋಗಿ, ವಿದ್ಯಾಧೀಶ ಫೋನಿನಲ್ಲಿ ಇದ್ದಾನೆಂದು ಹಿಂದಿರುಗಿದ್ದಳು. ಈಗ ಯಾರೋ ಎಲ್ಲಿಯೋ ಕೂತು ಬರೆದ ಒಂದು ಸಾಲು ಅದನ್ನು ಕೇಳಿತ್ತು.

ವಿದ್ಯಾಧೀಶ ಬಸ್ಸಿಳಿದು ಮನೆಗೆ ಬಂದಾಗ ತಂದೆ ಬಾಗಿಲಲ್ಲೇ ಕುಳಿತಿದ್ದರು.

“ಅಪ್ಪಾ, ವೈ ಒತ್ತಿದ್ರ ಮುಗೀತು.”

“ಕಂಪನಿ ಯಾರ ಹೆಸರಿಲೆ ಅದ?”

“ನನ್ನ ಹೆಸರಿಲೆ.”

“ಆ್ಯಪ್ ಬರದವರು ಯಾರು?”

“ಶಿಲ್ಪಶ್ರೀ.”

“ಎಲ್ಲಾನೂ?”

“ಎಲ್ಲಾನೂ.”

“ನೀ ಏನು ಮಾಡ್ತಿ?”

ವಿದ್ಯಾಧೀಶ ಸ್ವಲ್ಪ ಯೋಚಿಸಿದ. “ಮೀಟಿಂಗ್ ಮಾಡ್ತೀನಿ,” ಎಂದ. ಅವನು ಕೆಟ್ಟವನಲ್ಲ. ಹೇಳಿದ ಮೇಲೆ ಅವನಿಗೇ ಅದು ಸಣ್ಣದೆನಿಸಿ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

ಶುಕ್ರವಾರ ರಾಯರು ಪಾಲುದಾರಿಕೆಯ ಪತ್ರ ಬರೆದರು. ಶಿಲ್ಪಶ್ರೀ ಸಮಪಾಲಿನ ಪಾಲುದಾರಳು, ಸಂಸ್ಥೆಯ ಪರವಾಗಿ ಒಪ್ಪಲು ಅಧಿಕಾರವುಳ್ಳವಳು. ವಿದ್ಯಾಧೀಶ ಪೆನ್ನು ತೆಗೆದು ಸಹಿಗೆ ಬಗ್ಗಿದ. ರಾಯರು ಕಾಗದ ಎಳೆದುಕೊಂಡರು. “ಓದು.” ಅವನು ನಾಲ್ಕು ಪುಟ ಓದಿದ. ಆಮೇಲೆ ಅದು ಶಿಲ್ಪಶ್ರೀಯ ಕೈಗೆ ಬಂತು. ಅವಳು ಎರಡು ಸಲ ಓದಿದಳು.

“ಒಂದು ಸಾಲು ಸೇರಿಸ್ಬೇಕ್ರಿ ಸರ್. ರೈತರ ಫೋನ್ ನಂಬರ್ ಯಾರಿಗೂ ಕೊಡಂಗಿಲ್ಲ ಅಂತ.”

ವಿದ್ಯಾಧೀಶ ಕಂಪ್ಲಿಯ ಒಬ್ಬ ಗೊಬ್ಬರದ ವ್ಯಾಪಾರಿಯ ಜೊತೆ ಆ ನಂಬರುಗಳನ್ನು ಮಾರುವ ಬಗ್ಗೆಯೇ ಮೂರು ಮೀಟಿಂಗ್ ಮಾಡಿದ್ದ. ಅದು ಅವಳಿಗೆ ಗೊತ್ತಿತ್ತು.

“ಶಿಲ್ಪಾ, ಅದನ್ನ ಆಮ್ಯಾಲೆ ಮಾತಾಡೋಣ...”

“ಇಲ್ರಿ, ಈಗ. ಅವ್ರು ನಂಬರ್ ಕೊಟ್ಟಿದ್ದು ನನ್ನ ಮುಖ ನೋಡಿ.”

ರಾಯರು ಮಗನನ್ನು ಕೇಳಲಿಲ್ಲ. ಐದನೆಯ ಪುಟ ತೆಗೆದುಕೊಂಡು ಆ ಸಾಲು ಬರೆದರು. ವಿದ್ಯಾಧೀಶ ಅದನ್ನೂ ಓದಿ ಸಹಿ ಮಾಡಿ, ಗೊಬ್ಬರದವನಿಗೆ ಫೋನ್ ಮಾಡಲು ಹೊರಗೆ ಹೋದ.

ಮಧ್ಯಾಹ್ನ ಮೂರಕ್ಕೆ ರಾಯರು ಮಹಡಿ ಹತ್ತಿ, ಎಲ್ಲರಿಗೂ ಬೆನ್ನು ತಿರುಗಿಸಲು ಹೇಳಿ ಪಾಸ್‌ವರ್ಡ್ ಹಾಕಿದರು. ಶಿಲ್ಪಶ್ರೀ ಏಳು ಸಲ ವೈ ಒತ್ತಿದಳು. ಬಿಲ್ಡ್ ಹನ್ನೊಂದು ನಿಮಿಷ ಓಡಿ ಮುಗಿಯಿತು. ಕೆಂಪಕ್ಷರ ಬರಲಿಲ್ಲ.

ಭಾನುವಾರ ಎಮ್ಮಿಗನೂರಿನ ಸೊಸೈಟಿ ಕಟ್ಟೆಯ ಮೇಲೆ ನಲವತ್ತು ಮಂದಿ ಕೂಡಿದ್ದರು. ಕಾಲುವೆಯ ಕೊನೆಯಲ್ಲಿ ಎರಡೆಕರೆ ಭತ್ತದ ಗದ್ದೆಯಿದ್ದ ಉಚ್ಚೆಂಗಮ್ಮ ಫೋನನ್ನು ದೂರ ಹಿಡಿದು ನೋಡಿದಳು.

“ಬುಧವಾರ ನನಗ ನೀರು ಅಂತೈತಿ. ಬರ್ಲಿಲ್ಲಂದ್ರ?”

“ಬರ್ಲಿಲ್ಲ ಅಂತ ಇಲ್ಲಿ ಒತ್ತಬೇಕವ್ವಾ. ಎಲ್ಲಾರ ಫೋನಿಗೂ ಹೋಗ್ತೈತಿ,” ಎಂದಳು ಶಿಲ್ಪಶ್ರೀ.

“ಒತ್ತಿದ್ರ ನೀರು ಬರ್ತೈತೇನು?”

“ಅದನ್ನ ನಾ ಹೇಳಂಗಿಲ್ಲವ್ವಾ.”

ಬುಧವಾರ ನೀರು ಬರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಆ ದಿನದ ಪಾಳಿಯ ಹತ್ತೊಂಬತ್ತು ಮಂದಿ ಒತ್ತಿದರು. ಕಾಲುವೆ ನೋಡಿಕೊಳ್ಳುವ ಪಾಲಪ್ಪನ ಫೋನು ಹತ್ತೊಂಬತ್ತು ಸಲ ಸದ್ದು ಮಾಡಿತು. ಅವನು ಬೈಕ್ ಹತ್ತಿ ಕಾಲುವೆಗುಂಟ ಹೋಗಿ ನೋಡಿದ. ಮೇಲಿನ ತೂಬಿನ ಹತ್ತಿರ ಕಾಲುವೆಗೆ ಯಾರೋ ಜಾಲಿ ಕೊಂಬೆ ಮತ್ತು ಮರಳಿನ ಚೀಲ ಅಡ್ಡ ಇಟ್ಟು ನೀರನ್ನು ತಮ್ಮ ಗದ್ದೆಗೆ ತಿರುಗಿಸಿದ್ದರು. ಯಾರೆಂದು ಅವನು ಹೇಳಲಿಲ್ಲ, ಅಡ್ಡ ಇಟ್ಟಿದ್ದನ್ನು ಮಾತ್ರ ತೆಗೆದ.

ಗುರುವಾರ ಮಧ್ಯಾಹ್ನ ಉಚ್ಚೆಂಗಮ್ಮನ ಗದ್ದೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ‘ಬಂತು’ ಎಂದು ಒತ್ತಲು ಆ್ಯಪಿನಲ್ಲಿ ಗುಂಡಿ ಇರಲಿಲ್ಲ. ಅವಳು ಶಿಲ್ಪಶ್ರೀಗೆ ಫೋನ್ ಮಾಡಿ ನೀರು ಬಂತೆಂದು ಹೇಳಿ, ಗುಂಡಿ ಇಲ್ಲದ್ದಕ್ಕೆ ಬೈದಳು.