ಬೇರೆಯವರ ತಲೆ

ಹಳೆಯ ಸಿ.ಡಿ. ಡ್ರೈವನ್ನು ಕಂಪ್ಯೂಟರಿನ ಡಬ್ಬಿಯಿಂದ ಹೊರಗೆಳೆದಾಗ ಅದರೊಳಗೆ ಏನೋ ಅಲುಗಾಡಿದ ಸದ್ದಾಯಿತು. ಆಗ ರೇಣುಕಪ್ರಸಾದನಿಗೆ ನೆನಪಾಯಿತು: ಸಣ್ಣತಿಮ್ಮಯ್ಯನ ಸಿ.ಡಿ. ಇನ್ನೂ ಅದರ ಹೊಟ್ಟೆಯಲ್ಲೇ ಇದೆ.

ನೊಣವಿನಕೆರೆಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೇ ಅವನ ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಸುವುದು ಕಸುಬು. ಇವುಗಳ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಅವನ ಕೊರಳಿಗೆ ಬಿದ್ದಿತ್ತು. ಪಟ್ಟಣದ ಸ್ಕ್ಯಾನ್ ಸೆಂಟರಿನವರು ರೋಗಿಗಳ ಕೈಗೆ ಒಂದು ಸಿ.ಡಿ. ಕೊಟ್ಟು ಕಳಿಸುತ್ತಾರೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕಲು ಜಾಗವೇ ಇಲ್ಲ. ಸುತ್ತಲಿನ ಊರುಗಳಲ್ಲಿ ಸಿ.ಡಿ. ಓದಬಲ್ಲ ಕಂಪ್ಯೂಟರೆಂದು ಉಳಿದಿದ್ದು ಪ್ರಸಾದನ ಹಳೆಯ ಡೆಸ್ಕ್‌ಟಾಪ್ ಒಂದೇ. ಅದೂ ಅಲ್ಲದೆ ಅವನ ಹೆಂಡತಿಯ ತಮ್ಮ ಭುವನ್ ಹಾಸನದ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಪ್ರಸಾದ ಸಿ.ಡಿ.ಯನ್ನು ಕಾಪಿ ಮಾಡಿ, ಪರದೆಯ ಮೇಲಿನ ಚಿತ್ರಗಳನ್ನು ಮೊಬೈಲಿನಲ್ಲಿ ಫೋಟೋ ಹಿಡಿದು ಅವನಿಗೆ ಕಳಿಸುವನು. ಭುವನ್ ಬಿಡುವಾದಾಗ ಉತ್ತರ ಬರೆಯುವನು. ಇದಕ್ಕೆ ಪ್ರಸಾದ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಜನ ಕೈ ಮುಗಿದು ಹೋಗುವಾಗ ಎದೆಯಲ್ಲಿ ಆಗುವ ಹಿತ ಅವನಿಗೆ ಸಾಕಾಗಿತ್ತು.

ಸಣ್ಣತಿಮ್ಮಯ್ಯ ತೋಟದಿಂದ ತೋಟಕ್ಕೆ ಹೋಗಿ ತೆಂಗಿನಕಾಯಿ ಕೀಳುವವನು. ಒಣಗಿದ ಗರಿಯೊಂದು ಬುಡಸಮೇತ ತಲೆಯ ಮೇಲೆ ಬಿದ್ದು, ಆಮೇಲೆ ಎರಡು ಸಲ ತಲೆಸುತ್ತು ಬಂದು, ಸ್ಕ್ಯಾನ್ ಮಾಡಿಸಿಕೊಂಡಿದ್ದ. ರಿಪೋರ್ಟಿಗೆ ಎರಡು ದಿನ ಬಿಟ್ಟು ಬನ್ನಿ ಎಂದು ಅವರು ಸಿ.ಡಿ. ಮಾತ್ರ ಕೊಟ್ಟಿದ್ದರು. ಹದಿನಾರು ದಿನದ ಹಿಂದೆ ಅದನ್ನು ಹಿಡಿದು ಅಂಗಡಿಗೆ ಬಂದಿದ್ದ.

"ಪ್ರಸಾದಪ್ಪೋರೆ, ನನ್ ತಲೇಲಿ ಏನಾದ್ರೂ ಐತಾ ನೋಡಿ. ಏನೂ ಇಲ್ಲ ಅಂತ ನಮ್ಮೋಳು ಮೂವತ್ತು ವರ್ಷದಿಂದ ಹೇಳ್ತಾನೇ ಅವಳೆ."

ಅಂದು ಡ್ರೈವ್ ಕರಕರ ಎಂದಿತ್ತು. ಪ್ರಸಾದ ಎಲ್ಲರ ಚಿತ್ರಗಳನ್ನೂ 'ಸ್ಕ್ಯಾನ್' ಎಂಬ ಒಂದೇ ಫೋಲ್ಡರಿಗೆ, ಹಿಂದಿನವರದ್ದರ ಮೇಲೆಯೇ ಹಾಕುವ ರೂಢಿ ಇಟ್ಟುಕೊಂಡಿದ್ದ. ಹಳೆಯದರ ಮೇಲೆ ಹಾಕಲೇ ಎಂದು ಪರದೆ ಕೇಳಿದಾಗ ಹೌದು ಎಂದು ಒತ್ತಿದ್ದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಮುಗಿಯಿತು ಎಂದುಕೊಂಡ. ಫೋಲ್ಡರ್ ತೆರೆದರೆ ತಲೆಬುರುಡೆಯ ಚಿತ್ರಗಳು. ದೊಡ್ಡದು ಮಾಡಿ ನಾಲ್ಕು ಫೋಟೋ ಕಳಿಸಿದ. "ಏನೂ ಕಾಣ್ತಿಲ್ಲ ಭಾವ. ಆದ್ರೂ ರಿಪೋರ್ಟ್ ಬಂದ್ಮೇಲೆ ಅದನ್ನೂ ಕಳಿಸಿ" ಎಂದು ಭುವನ್ ಬರೆದಿದ್ದ. ಮೊದಲ ಮಾತನ್ನಷ್ಟೇ ಪ್ರಸಾದ ಗಟ್ಟಿಯಾಗಿ ಓದಿ ಹೇಳಿದ್ದ. ಟ್ರೇ ಮಾತ್ರ ಎಷ್ಟು ಒತ್ತಿದರೂ ಈಚೆ ಬರಲಿಲ್ಲ.

"ಇರ್ಲಿ ಬುಡಿ, ಆ ತಟ್ಟೇಲಿ ನಾನೇನು ಉಣ್ಬೇಕಾ" ಎಂದು ತಿಮ್ಮಯ್ಯ ಹೊರಟುಹೋಗಿದ್ದ. ರಿಪೋರ್ಟಿಗೆಂದು ಅವನು ಮತ್ತೆ ಬಸ್ಸು ಹತ್ತಲಿಲ್ಲ. ಏನೂ ಇಲ್ಲವೆಂದ ಮೇಲೆ ಒಂದು ದಿನದ ಕೆಲಸ ಯಾರು ಬಿಡುತ್ತಾರೆ?

ಹೊಸ ಡ್ರೈವ್ ಕೂರಿಸುವುದು ಕಷ್ಟವೇನಾಗಲಿಲ್ಲ. ನಾಲ್ಕು ಸ್ಕ್ರೂ, ಎರಡು ಕೇಬಲ್. ಹಳೆಯದರ ಮುಂಭಾಗದ ಸಣ್ಣ ತೂತಿಗೆ ಪಿನ್ನು ಚುಚ್ಚಿದಾಗ ಟ್ರೇ ಮೆಲ್ಲಗೆ ನಾಲಿಗೆ ಚಾಚಿತು. ತಿಮ್ಮಯ್ಯನ ಸಿ.ಡಿ.ಯನ್ನು ಒರೆಸಿ, ಹೊಸ ಡ್ರೈವ್ ಓದುತ್ತದೋ ಇಲ್ಲವೋ ನೋಡಲು ಅದನ್ನೇ ಹಾಕಿದ.

ಸದ್ದಿಲ್ಲದೆ ಓದಿತು.

ಪರದೆಯ ಮೇಲೆ ಬಂದ ಬುರುಡೆ ಅವನು ಅಂದು ಕಂಡದ್ದಾಗಿರಲಿಲ್ಲ. ಎಡಗಡೆಯ ಅಂಚಿನುದ್ದಕ್ಕೂ ಕುಡುಗೋಲಿನಂತೆ ಬಾಗಿದ ಬೂದು ಪಟ್ಟಿಯೊಂದು ಮಿದುಳನ್ನು ಪಕ್ಕಕ್ಕೆ ಒತ್ತಿ ಕೂತಿತ್ತು. ಮೇಲಿನ ಮೂಲೆಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ: ಸಣ್ಣತಿಮ್ಮಯ್ಯ, ಗಂಡು, ಐವತ್ತೆರಡು.

ಪ್ರಸಾದ ಮೊಬೈಲು ತೆಗೆದು ಅಂದು ಕಳಿಸಿದ ಫೋಟೋಗಳನ್ನು ಹುಡುಕಿದ. ದೊಡ್ಡದು ಮಾಡಿ ಹಿಡಿದಿದ್ದರಿಂದ ಮೂರರಲ್ಲಿ ಮೂಲೆಯೇ ಇರಲಿಲ್ಲ. ನಾಲ್ಕನೆಯದರಲ್ಲಿ ಅರ್ಧ ಹೆಸರು ಉಳಿದಿತ್ತು. 'ಭವ್ಯ' ಎಂದು. ಅದಕ್ಕೂ ಹಿಂದಿನ ದಿನ ತಲೆನೋವೆಂದು ಬಂದಿದ್ದ ಸ್ಕೂಲ್ ಮೇಡಂ ಭವ್ಯಶ್ರೀ. ಅಂದು ಡ್ರೈವ್ ಏನನ್ನೂ ಕಾಪಿ ಮಾಡಿರಲಿಲ್ಲ; ಫೋಲ್ಡರಿನಲ್ಲಿ ಹಿಂದಿನ ದಿನದ ಚಿತ್ರಗಳೇ ಉಳಿದಿದ್ದವು. ಇವನು ಕಳಿಸಿದ್ದು ಬೇರೆಯವರ ತಲೆ.

"ರೀ, ಎರಡೂ ಕಡೆ ತೆಗೀರಿ ಅಂತ ಆಗ್ಲಿಂದ ಬಡ್ಕೊಳ್ತಿದೀನಿ" ಎಂದು ಕೌಂಟರಿನ ಆಚೆ ನಿಂತಿದ್ದ ಭೀಮರಾಜು ಪಹಣಿ ಆಡಿಸುತ್ತಿದ್ದ. ಪ್ರಸಾದನಿಗೆ ಅವನ ಬಾಯಿ ಆಡುವುದು ಕಾಣಿಸಿತು, ಮಾತು ಕೇಳಿಸಲಿಲ್ಲ. ಹೊಸ ಫೋಟೋ ಕಳಿಸಿ ಭುವನ್‌ಗೆ ಫೋನ್ ಹಚ್ಚಿದ.

"ಭಾವ, ಇದು ಯಾರ್ದು?"

"ಅವತ್ತಿಂದೇ. ತಿಮ್ಮಯ್ಯಂದು."

"ಅವತ್ತು ಕಳ್ಸಿದ್ದು ಇದಲ್ಲ. ತಲೆಯೊಳಗೆ ರಕ್ತ ಸೋರಿ ನಿಂತಿದೆ. ಈಗ್ಲೇ ಕರ್ಕೊಂಡ್ಬನ್ನಿ. ಆಪರೇಶನ್ ಮಾಡಿದ್ರೆ ಉಳೀತಾರೆ. ಯಾವ ಗಳಿಗೇಲಾದ್ರೂ ಎಚ್ಚರ ತಪ್ಪಬಹುದು. ಏನ್ ಕೆಲ್ಸ ಮಾಡ್ತಾರೆ ಅವ್ರು?"

ಪ್ರಸಾದ ಫೋನಿಟ್ಟ. ತಿಮ್ಮಯ್ಯನ ನಂಬರು ಒತ್ತಿದವನು ರಿಂಗ್ ಆಗುವ ಮೊದಲೇ ಕತ್ತರಿಸಿದ. ಮರದ ಮೇಲಿದ್ದರೆ? ಫೋನೆತ್ತಲು ಒಂದು ಕೈ ಬಿಟ್ಟರೆ?

"ತಿಮ್ಮಯ್ಯನಾ? ಗಂಗಾಧರನ ತೋಟದಲ್ಲಿ ಬೆಳಿಗ್ಗೆಯಿಂದ ಕೀಳ್ತಾವ್ನೆ" ಎಂದ ಭೀಮರಾಜು.

ಅಂಗಡಿಯ ಬಾಗಿಲನ್ನೂ ಎಳೆಯದೆ ಪ್ರಸಾದ ಬೈಕು ಹತ್ತಿದ.

ತೋಟದಲ್ಲಿ ತಿಮ್ಮಯ್ಯನ ಹೆಂಡತಿ ಚಿಕ್ಕಗೌರಮ್ಮ ಬಿದ್ದ ಕಾಯಿಗಳನ್ನು ಗುಡ್ಡೆ ಹಾಕುತ್ತಿದ್ದಳು. ತೋಟದಲ್ಲೇ ಎತ್ತರದ ಮರದ ನೆತ್ತಿಯಲ್ಲಿ, ಗರಿಗಳ ನಡುವೆ, ಎರಡು ಪಾದಗಳು ಕಾಣುತ್ತಿದ್ದವು. ಪ್ರಸಾದ ಕತ್ತೆತ್ತಿ ಬಾಯಿ ತೆರೆದ.

"ಥೂ, ಕೂಗ್ಬ್ಯಾಡಿ!" ಚಿಕ್ಕಗೌರಮ್ಮ ಪಿಸುದನಿಯಲ್ಲೇ ಗದರಿದಳು. "ಮರದ ಮ್ಯಾಲಿರೋರ ಹೆಸರು ಹಿಡ್ದು ಯಾರಾದ್ರೂ ಕೂಗ್ತಾರಾ? ನೀವು ತೆಂಗಿನ ಸೀಮೇಲೇ ಹುಟ್ಟಿದೋರು ಹೌದಾ ಅಲ್ವಾ?"

ಅವಳು ಹೇಳಿದ್ದು ಸರಿ. ಕೆಳಗಿನಿಂದ ಕೂಗಿದರೆ ಮೇಲಿನವನು ತಿರುಗಿ ನೋಡುತ್ತಾನೆ, ಕಾಲು ತಪ್ಪುತ್ತದೆ. ಇಲ್ಲಿ ಮನೆಯವರಿಗೆ ಹಾವು ಕಚ್ಚಿದರೂ ಜನ ಸುದ್ದಿ ಹೇಳಲು ಬುಡದಲ್ಲಿ ನಿಂತು ಕಾಯುತ್ತಾರೆ.

ಪ್ರಸಾದ ಕಾದ. ಒಂದು ಕಾಯಿ ಧೊಪ್ಪೆಂದು ಬಿತ್ತು, ಆಮೇಲೆ ಇನ್ನೊಂದು. ಪ್ರತಿ ಸದ್ದಿಗೂ ಬಿದ್ದದ್ದು ಕಾಯಿಯೇ ಎಂದು ಅವನು ನೋಡುತ್ತಿದ್ದ. ನಡುವೆ ಮೇಲೆ ಎಲ್ಲವೂ ನಿಂತುಹೋಯಿತು. ಪಾದಗಳು ಅಲುಗಲಿಲ್ಲ, ಗರಿ ಅಲುಗಲಿಲ್ಲ. ಚಿಕ್ಕಗೌರಮ್ಮ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಡದೆ ಅವನ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಪಾದಗಳು ಕದಲಿದವು. ಒಂದೊಂದೇ ಗೇಣು ಕೆಳಗೆ ಬಂದವು. ಕೈಗೆಟುಕಿದ್ದೇ ತಡ ಪ್ರಸಾದ ಎರಡು ಕೈಯಲ್ಲೂ ತಿಮ್ಮಯ್ಯನ ಸೊಂಟ ತಬ್ಬಿ ಹಿಡಿದ.

"ಇದೇನ್ರಪ್ಪ, ಕಾಯಿ ಬುಟ್ಟು ನನ್ನೇ ಕಿತ್ಕೊಂಡು ಹೋಗಕ್ ಬಂದ್ರಾ?"

ಪ್ರಸಾದ ಹೇಳಿದ. ಎಲ್ಲವನ್ನೂ, ಡ್ರೈವ್ ಕೆಟ್ಟದ್ದು, ಮೇಡಂ ಅವರ ಚಿತ್ರ ಹೋದದ್ದು, ರಿಪೋರ್ಟಿನ ಮಾತು ತಾನು ಹೇಳದೆ ಬಿಟ್ಟದ್ದು. ತಿಮ್ಮಯ್ಯ ಮರಕ್ಕೆ ಬೆನ್ನು ಕೊಟ್ಟು ಕೂತು ಕೇಳಿಸಿಕೊಂಡ.

"ಅದಕ್ಕೇ ಅನ್ನಿ" ಎಂದ. "ದಿನಾ ಮ್ಯಾಲೆ ಕಣ್ಣು ಕತ್ತಲೆ ಬತ್ತಿತ್ತು. ಈಗ್ಲೂ ಬಂತು. ಗರಿಬುಡ ತಬ್ಕೊಂಡು ಕಣ್ಮುಚ್ಕೊಂಡು ಕೂತ್ಕೊಳ್ತಿದ್ದೆ. ಡಾಕ್ಟ್ರೇ ಏನಿಲ್ಲ ಅಂದವ್ರೆ, ಇದು ನನ್ ಪುಕ್ಕಲುತನ ಅಂದ್ಕೊಂಡೆ. ಇವ್ಳಿಗೂ ಹೇಳ್ಲಿಲ್ಲ, ನಗ್ತಾಳೆ ಅಂತ."

ಹದಿನಾರು ದಿನ. ದಿನಕ್ಕೆ ಎಷ್ಟು ಮರ? ಪ್ರಸಾದ ನೆಲದಲ್ಲೇ ಕೂತುಬಿಟ್ಟ.

"ಆ ಮೇಡಮ್ಮೋರಿಗೆ ಹಂಗಾದ್ರೆ ಏನೂ ಇಲ್ವಂತಾ?"

"ಇಲ್ಲ."

"ಪುಣ್ಯಾತ್ಗಿತ್ತಿ."

ಗಂಗಾಧರ ಸುದ್ದಿ ಕೇಳಿ ಕಾರು ತಂದ. ಹಿಂದಿನ ಸೀಟಿನಲ್ಲಿ ತಿಮ್ಮಯ್ಯನ ತಲೆಯನ್ನು ಚಿಕ್ಕಗೌರಮ್ಮ ಹಸುಗೂಸಿನದೆಂಬಂತೆ ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಪ್ರಸಾದ ಮುಂದೆ ಕೂತ. ಬೈಯಲಿ, ಶಾಪ ಹಾಕಲಿ ಎಂದು ಅವನು ಕಾಯುತ್ತಿದ್ದ. ಕಾರು ತಿಪಟೂರು ದಾಟಿತು.

"ಪ್ರಸಾದಪ್ಪೋರೆ" ಎಂದಳು ಆಮೇಲೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಕೇಳುವಂತಿತ್ತು. "ಹಿಂಗೇ ಇನ್ನೆಷ್ಟು ಜನಕ್ಕೆ ನೋಡಿ ಹೇಳಿದೀರಿ?"

ಡ್ರೈವ್ ಯಾವತ್ತಿನಿಂದ ಕೆಟ್ಟಿತ್ತು? ಪ್ರಸಾದನಿಗೆ ಗೊತ್ತಿರಲಿಲ್ಲ. ಮೊಬೈಲು ತೆರೆದು ಫೋಟೋಗಳನ್ನು ಹಿಂದಕ್ಕೆ ಸರಿಸಿದ. ಬೆನ್ನೆಲುಬು, ಮಂಡಿ, ಎದೆಗೂಡು, ಬುರುಡೆ. ಆ ಹಳೆಯ ಒಂದರಲ್ಲೂ ಹೆಸರಿರುವ ಮೂಲೆ ಇರಲಿಲ್ಲ. ಏನೂ ಇಲ್ಲವೆಂದು ಹೇಳಿ ಕಳಿಸಿದವರಲ್ಲಿ ನೆನಪಿಗೆ ಬಂದ ಮೊದಲ ಹೆಸರನ್ನು ಹುಡುಕಿ, ನಂಬರು ಒತ್ತಿದ.

ಆ ಕಡೆ ರಿಂಗ್ ಆಗುತ್ತಲೇ ಇತ್ತು.