ಬರೆಯದೆ ಬಿಟ್ಟವರು

ಫ್ಯಾನಿನ ಒಂದು ರೆಕ್ಕೆ ಜೋತುಬಿದ್ದಿದೆ, ಸುತ್ತಿ ಬಂದಾಗಲೆಲ್ಲ ಟಕ್ ಅನ್ನುತ್ತದೆ, ಟಕ್, ಟಕ್, ನಿಮಿಷಕ್ಕೆ ನೂರಾ ಹತ್ತರ ಹತ್ತಿರ ಇರಬೇಕು, ಗಾಬರಿಯಾದವರ ನಾಡಿ ಹೀಗೇ ಓಡುತ್ತದೆ — ಥೂ, ಸಭೆಗೆ ಬಂದು ಕೂತರೂ ಎಣಿಸುವ ಚಾಳಿ ಬಿಡಲಿಲ್ಲ ಎಂದುಕೊಂಡಳು ಸಿಸ್ಟರಮ್ಮ, ಊರೆಲ್ಲ ಕರೆಯುವುದೇ ಹಾಗೆ, ಇಪ್ಪತ್ತಾರು ವರ್ಷ ತುರ್ತು ವಾರ್ಡಿನಲ್ಲೇ ಸವೆದ ಹೆಡ್ ನರ್ಸ್, ಅವಳ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ನಾರಿಗೂ ನೆನಪಿಲ್ಲ. ಡ್ಯೂಟಿಯಿಂದ ನೇರ ಬಂದದ್ದು, ಯೂನಿಫಾರ್ಮಿನ ಜೇಬಿನಲ್ಲಿ ಕೈ, ಕೈಗೆ ಅದೇ ಸಿಗುತ್ತಿದೆ, ಅಂಗಿಯ ಗುಂಡಿ, ಬೇಡ, ಈಗ ಅದು ಬೇಡ, ಎದುರು ನೋಡು — ಗೋಡೆಯ ಮೇಲಿನ ಚಾರ್ಟಿನಲ್ಲಿ ಐದು ಆಸ್ಪತ್ರೆಗೆ ಐದು ನೀಲಿ ಕಂಬ, ನಮ್ಮದು ಮಾತ್ರ ಮೊಣಕಾಲುದ್ದ, ಆರೋಗ್ಯ ಇಲಾಖೆಯ ಅಧಿಕಾರಿ ಅದನ್ನೇ ಕೋಲಿನಿಂದ ತಟ್ಟುತ್ತಿದ್ದಾನೆ, ದಿನಕ್ಕೆ ಸರಾಸರಿ ನಾಲ್ಕೇ ಜನ, ನಾಲ್ಕು ಜನಕ್ಕೆ ಒಂದು ತುರ್ತು ವಾರ್ಡು ಬೇಕಾ ನೀವೇ ಹೇಳಿ, ದೊಡ್ಡಾಸ್ಪತ್ರೆ ಇಲ್ಲಿಂದ ಬರೀ ನಲವತ್ತು ನಿಮಿಷ. ಬರೀ ಅಂತೆ, ಮೂಗು ಹಿಡಿದು ಕೂರಲಿ ನಲವತ್ತು ನಿಮಿಷ, ನೋಡೋಣ. ಆದರೆ ಆ ನಾಲ್ಕು ಸುಳ್ಳಲ್ಲ, ಹೊಟ್ಟೆ ಉರಿಯುವುದೇ ಅದಕ್ಕೆ, ರಿಜಿಸ್ಟರಿನಿಂದಲೇ ತೆಗೆದದ್ದು, ರಿಜಿಸ್ಟರಿನಲ್ಲಿರುವುದು ಅವಳದೇ ಅಕ್ಷರ, ಇಲ್ಲದಿರುವುದೂ ಅವಳದೇ ಕೆಲಸ.

ಮೊದಲು ಕೈ, ಆಮೇಲೆ ಪೆನ್ನು — ಹೊಸದಾಗಿ ಬಂದ ನರ್ಸುಗಳಿಗೆಲ್ಲ ಮೊದಲ ದಿನವೇ ಹೇಳಿಕೊಟ್ಟದ್ದು, ಎಷ್ಟು ಜಂಬ ಆಗ, ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ. ಒಬ್ಬರನ್ನು ಬರೆದುಕೊಳ್ಳಬೇಕೆಂದರೆ ಮೂರು ಹಾಳೆ, ಗುರುತಿನ ಚೀಟಿ, ಜೊತೆಗೆ ಬಂದವರ ಸಹಿ, ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು, ಕುದಿನೀರು ಚೆಲ್ಲಿಕೊಂಡವಳು, ಉಬ್ಬಸದ ಮೇಷ್ಟ್ರು, ಗರಗಸಕ್ಕೆ ಬೆರಳು ಕೊಟ್ಟ ಬಡಗಿ, ಹೋಗಪ್ಪ ಹೋಗು, ಇನ್ನೊಂದ್ಸಲ ಗರಗಸದ ಜೊತೆ ಸರಸ ಬೇಡ ಎಂದಾಗ ಅವನು ಅಳುತ್ತಲೇ ನಕ್ಕಿದ್ದ. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡು ಎದ್ದು ಹೋಗುವವರನ್ನು ಯಾತಕ್ಕೆ ಬರೆಯುವುದು, ಬರೆದರಾಯಿತು ಬಿಡು ಸಂಜೆ, ಸಂಜೆಗೆ ಹೆಸರೇ ಮರೆತಿರುತ್ತಿತ್ತು. ದಿನಕ್ಕೆ ಹನ್ನೆರಡು, ಹದಿನೈದು ಜನ, ಬದುಕಿ ಮನೆಗೆ ಹೋದವರು ಪುಸ್ತಕದಲ್ಲಿಲ್ಲ, ಅಡ್ಮಿಟ್ ಆದವರು, ಸತ್ತವರು ಮಾತ್ರ ಇದ್ದಾರೆ. ಬೆಳಿಗ್ಗೆ ಶೂಗೆ ಪಾಲಿಶ್ ತಿಕ್ಕುತ್ತ ಗಂಡ, ನಿವೃತ್ತಿಗೆ ಹದಿನಾಲ್ಕೇ ತಿಂಗಳು ಕಣೇ, ನೀನಾಗೇ ಎದ್ದು ನಾನು ಬರೀಲಿಲ್ಲ ಅಂದ್ರೆ ಅಲ್ಲೇ ಸಸ್ಪೆಂಡ್ ಮಾಡ್ತಾರೆ, ಬಾಯಿಗೆ ಬೀಗ ಹಾಕ್ಕೊಂಡು ಕೂತು ಬಾ, ಮಾತಾಡೋಕೆ ಬೇಕರಿಯವಳು ಇದ್ದಾಳಲ್ಲ.

ಇದ್ದಾಳೆ, ಮುಂದಿನ ಸಾಲಿನಲ್ಲೇ, ವಾರ್ಡು ಮುಚ್ಚುತ್ತಾರಂತೆ ಎಂದು ಕಿವಿಗೆ ಬಿದ್ದ ದಿನದಿಂದ ಬ್ರೆಡ್ಡಿಗೆ ಬಂದವರನ್ನು ಸಹಿ ಹಾಕಿಸದೆ ಕಳಿಸಿದವಳಲ್ಲ, ಮೊದಲು ಸಹಿ ಆಮೇಲೆ ಬನ್ನು, ಎಂಟು ಸಾವಿರ ಸಹಿ, ಕಟ್ಟು ತೊಡೆಯ ಮೇಲಿದೆ. ನಿನ್ನೆ ಬಂದು ಕೇಳಿದ್ದಳು, ಆ ನಾಲ್ಕು ಅನ್ನೋದು ಶುದ್ಧ ಸುಳ್ಳು, ಯಾರೋ ಪುಸ್ತಕ ತಿದ್ದಿದ್ದಾರೆ, ಅಲ್ವಾ ಸಿಸ್ಟರಮ್ಮ — ಹ್ಞೂಂ ಎಂದುಬಿಟ್ಟಳಲ್ಲ, ಹ್ಞೂಂ, ಒಂದು ಹ್ಞೂಂ, ಅದು ನಿನ್ನೆಯಿಂದ ಗಂಟಲಲ್ಲಿ ಸಿಕ್ಕಿಕೊಂಡಿದೆ, ಕೆಳಗೂ ಇಳಿಯದು ಮೇಲೂ ಬಾರದು. ಬೇಕರಿಯವಳ ಪಕ್ಕದಲ್ಲಿ ಅವಳ ಮಗಳು, ಆರು ವರ್ಷ, ಫ್ರಾಕಿನ ಕಾಲರ್ ಕಚ್ಚುತ್ತ ಕೂತಿದ್ದಾಳೆ, ಕಚ್ಚಬೇಡ ಪುಟ್ಟಿ, ಬಾಯಿಗೆ ಏನೂ ಹಾಕಬೇಡ — ಅವತ್ತು ಇವಳಿಗೆ ಎರಡು ವರ್ಷ, ಮಧ್ಯಾಹ್ನ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದ ತಾಯಿ, ತೋಳಲ್ಲಿ ನೀಲಿಗಟ್ಟಿದ ಮಗು, ಅಳುವೇ ಇಲ್ಲ, ತೊಡೆಯ ಮೇಲೆ ಬೋರಲು ಹಾಕಿ ಬೆನ್ನಿಗೆ ಒಂದು, ಎರಡು, ಮೂರು, ನಾಲ್ಕು, ಬಾ ತಾಯಿ ಬಾ, ಐದು, ಟಕ್. ನೆಲಕ್ಕೆ ಬಿದ್ದು ಮಂಚದ ಕೆಳಗೆ ಉರುಳಿತು. ಆಮೇಲೆ ಆ ಅಳು, ಅಷ್ಟು ಚಂದದ ಅಳುವನ್ನು ಅವಳು ಮತ್ತೆಂದೂ ಕೇಳಿಲ್ಲ.

ಬೇಕರಿಯವಳು ಎದ್ದಳು, ನನ್ನ ಮಗಳು ಕೂತಿದ್ದಾಳೆ ನೋಡಿ ಸಾರ್, ಈ ವಾರ್ಡು ಇಲ್ದಿದ್ರೆ ದಾರೀಲೇ ಹೋಗ್ತಿದ್ಲು, ಹೊಸ ಒಲೆ ಕೂರಿಸಿದ ದಿನ ಅದು, ತಾರೀಕು ಸಮೇತ ಹೇಳ್ತೀನಿ. ಹೇಳಿದಳು. ಅಧಿಕಾರಿ ಫೈಲು ತಿರುವಿದ, ಬೆರಳಿಗೆ ಎಂಜಲು ಹಚ್ಚಿ ಇನ್ನೊಂದು ಹಾಳೆ ತಿರುವಿದ, ಆ ದಿನ ಇರೋದೇ ಮೂರು ಹೆಸರು ಕಣಮ್ಮ, ನಿಮ್ಮ ಮಗು ಬಂದೇ ಇಲ್ವಲ್ಲ. ಹಿಂದೆ ಯಾರೋ ಕಿಸಕ್ಕೆಂದರು. ಬಂದಿದ್ವಿ ಸಾರ್, ದೇವರಾಣೆಗೂ ಬಂದಿದ್ವಿ — ಅಧಿಕಾರಿ ನಗುತ್ತಿದ್ದಾನೆ, ಪಾಪ ಮರೆತಿರ್ತೀರಿ, ಬೇರೆ ಆಸ್ಪತ್ರೆ ಇರ್ಬೇಕು — ಬೇಕರಿಯವಳು ತಿರುಗಿ ಸಾಲುಗಳಲ್ಲಿ ಹುಡುಕುತ್ತಿದ್ದಾಳೆ, ಕಣ್ಣು ತುಂಬಿದೆ, ಸಿಸ್ಟರಮ್ಮ ಎಲ್ಲಿ, ಸಿಸ್ಟರಮ್ಮ ಹೇಳ್ತಾರೆ ನೋಡಿ, ಹದಿನಾಲ್ಕೇ ತಿಂಗಳು ಕಣೇ, ಬಾಯಿಗೆ ಬೀಗ, ಟಕ್, ಟಕ್, ಕುರ್ಚಿ ಹಿಂದಕ್ಕೆ ಸರಿದ ಸದ್ದು, ಯಾರೆದ್ದದ್ದು, ತಾನೇ ಎದ್ದಿದ್ದಾಳೆ, ಯಾರೋ ಮೈಕು ಕೈಗಿಟ್ಟರು. ಆ ಮಗು ಬಂದಿತ್ತು ಸಾರ್. ನಾನೇ ಬರೀಲಿಲ್ಲ. ಅವಳೊಬ್ಬಳನ್ನೇ ಅಲ್ಲ, ದಿನಾ ಹತ್ತು ಜನಾನ ನಾನು ಬರೀಲಿಲ್ಲ, ಪುಸ್ತಕ ಯಾರೂ ತಿದ್ದಿಲ್ಲ, ತಪ್ಪು ನಂದೇ. ಬೇಕರಿಯವಳ ಮುಖ ನೋಡಲಾಗಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ, ಹೀಗೆ ಬಾಯಿಮಾತಲ್ಲಿ ಹೇಳಿದ್ರೆ ಆಗತ್ತಾ ಸಿಸ್ಟರ್, ಬಂದಿದ್ರು ಅನ್ನೋದಕ್ಕೆ ದಾಖಲೆ ಏನಿದೆ — ಏನಿದೆ, ಅವತ್ತು ಸಂಜೆ ನೆಲ ಒರೆಸುವಾಗ ಸಿಕ್ಕಿದ್ದು, ಅದನ್ನು ಜೇಬಿಗೆ ಹಾಕಿಕೊಂಡಿದ್ದಳು, ಒಗೆಯುವ ಮುನ್ನ ತೆಗೆದು, ಒಗೆದ ಮೇಲೆ ಮತ್ತೆ ಹಾಕಿಕೊಂಡು, ನಾಲ್ಕು ವರ್ಷ, ಯಾಕೆಂದು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ, ಕೈ ತಾನಾಗಿ ಹೊರಗೆ ಬಂತು, ಅಂಗೈ ಬಿಚ್ಚಿಕೊಂಡಿತು, ಗುಂಡಿ, ಬಿಳಿಯದು, ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತು, ಗುಂಡಿ.